ಸೆಲ್ಫ್ ಹೊಡೆದರೆ ‘ಟಕ್’, ಆಮೇಲೆ ಮೌನ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಕಾರು ಒಂದು ದಿನ ಸ್ಟಾರ್ಟ್ ಆಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ. ಮೆಕ್ಯಾನಿಕ್ ಎದುರಿಗೆ ಮಾತ್ರ ಮೊದಲ ಸಲಕ್ಕೇ ಆಗಿಬಿಡುತ್ತದೆ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತ ಹಾಗೆ. ನಾನು ಮೂವತ್ತು ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್. ಎಂಜಿನ್ ಬಿಚ್ಚುವ ಕೆಲಸ ನನ್ನದಲ್ಲ, ಹಾಗಾಗಿ ಪಿಸ್ಟನ್ ಬಗ್ಗೆ ಕೇಳಿದ ಇಬ್ಬರು ಓದುಗರು ಕ್ಷಮಿಸಬೇಕು. ವೈರಿನ ವಿಷಯ ಇದ್ದವರು ಕೂತುಕೊಳ್ಳಿ.

ಪ್ರಶ್ನೆ: ಎಂಟು ವರ್ಷದ ಪೆಟ್ರೋಲ್ ಕಾರು. ವಾರಕ್ಕೆ ಒಂದೆರಡು ಸಲ, ಬೆಳಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು ತಿರುಗುವುದಿಲ್ಲ. ನಾಲ್ಕೈದು ಸಲ ಹೊಡೆದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಒಂದು ವರ್ಷದಲ್ಲಿ ಎರಡು ಬ್ಯಾಟರಿ, ಒಂದು ಸೆಲ್ಫ್ ಮೋಟಾರ್ ಬದಲಿಸಿದ್ದೇವೆ. ಪ್ರತಿ ಸಲವೂ ಎರಡು ಮೂರು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ. ಈಗ ವೈರಿಂಗ್ ಪೂರ್ತಿ ಹೊಸದು ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ? ಬೆಳಗ್ಗೆಯೇ ಹೀಗಾಗುವುದು ಯಾಕೆ?

ಉತ್ತರ: ಖಂಡಿತ ಬೇಡ. ಒಂದು ಹೆಂಚು ಸೋರಿತು ಅಂತ ಮನೆಯನ್ನೇ ಕೆಡವುತ್ತೀರಾ?

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ‘ಪ್ರತಿ ಸಲವೂ ಎರಡು ಮೂರು ವಾರ ಚೆನ್ನಾಗಿರುತ್ತದೆ.’ ಬ್ಯಾಟರಿ ಬದಲಿಸುವಾಗ ಏನು ಮಾಡುತ್ತಾರೆ ಹೇಳಿ. ಟರ್ಮಿನಲ್ ಬಿಚ್ಚುತ್ತಾರೆ, ಒಂದಿಷ್ಟು ಕೆರೆಯುತ್ತಾರೆ, ಕೇಬಲ್ ಅತ್ತಿತ್ತ ಅಲುಗಾಡುತ್ತದೆ. ಸೆಲ್ಫ್ ಬದಲಿಸುವಾಗಲೂ ಅಷ್ಟೇ, ದಪ್ಪ ವೈರಿನ ನಟ್ಟು ಬಿಚ್ಚಿ ಮತ್ತೆ ಬಿಗಿಯುತ್ತಾರೆ. ರೋಗ ಇರುವುದು ಎಲ್ಲೋ ಒಂದು ಜಾಯಿಂಟಿನಲ್ಲಿ. ಕೈಯಾಡಿಸಿದ್ದಕ್ಕೆ ಸ್ವಲ್ಪ ದಿನ ಸುಮ್ಮನಾಯಿತು. ಒಳ್ಳೆಯ ಹೆಸರು ಮಾತ್ರ ಹೊಸ ಬ್ಯಾಟರಿಗೆ ಬಂತು.

ಆ ‘ಟಕ್’ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಹುಡುಕುವುದು ಸುಲಭ. ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಸೊಲೆನಾಯ್ಡ್ ಅಂತ ಒಂದು ಚಿಕ್ಕ ಡಬ್ಬಿ ಕೂತಿರುತ್ತದೆ. ಕೀ ತಿರುಗಿಸಿದಾಗ ಅದರೊಳಗಿನ ಕಬ್ಬಿಣದ ತುಂಡು ಒಳಕ್ಕೆ ಎಳೆಯಲ್ಪಟ್ಟು, ತುದಿಯಲ್ಲಿರುವ ತಾಮ್ರದ ಬಿಲ್ಲೆ ಎರಡು ಬೋಲ್ಟುಗಳಿಗೆ ಬಡಿದು ಅವನ್ನು ಕೂಡಿಸುತ್ತದೆ. ಬಡಿದ ಸದ್ದೇ ‘ಟಕ್’. ಅಲ್ಲಿಂದ ಬ್ಯಾಟರಿಯ ದೊಡ್ಡ ಕರೆಂಟು ಮೋಟಾರಿಗೆ ನುಗ್ಗಬೇಕು. ಅಂದರೆ ಒಂದು ‘ಟಕ್’ ಗಟ್ಟಿಯಾಗಿ ಕೇಳಿಸಿತು ಅಂದರೆ ಕೀ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು), ಸಣ್ಣ ವೈರು ಎಲ್ಲ ತಮ್ಮ ಕೆಲಸ ಮಾಡಿವೆ. ದೊಡ್ಡ ಕರೆಂಟು ಮಾತ್ರ ಬಂದಿಲ್ಲ. ‘ಟಕಟಕಟಕ’ ಅಂತ ಬಿಡದೆ ಬಡಿದುಕೊಂಡರೆ ಬೇರೆ ಮಾತು. ಅಲ್ಲಿ ವೋಲ್ಟೇಜು ಸಾಲದೆ ಸೊಲೆನಾಯ್ಡ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸದ್ದೇ ಇಲ್ಲದಿದ್ದರೆ ಸಣ್ಣ ವೈರಿನ ದಾರಿ ಹಿಡಿದು ಹೋಗಬೇಕು. ಬಿಲ್ಲೆ ಸವೆದು ಸುಟ್ಟಿದ್ದರೂ ಒಂದೇ ‘ಟಕ್’ ಬರುತ್ತದೆ. ಆದರೆ ನಿಮ್ಮ ಸೆಲ್ಫ್ ಹೊಸದು. ಹಾಗಾಗಿ ನನ್ನ ಅನುಮಾನ ಕೇಬಲ್ ಮತ್ತು ಅರ್ತ್ ಮೇಲೆ, ಅಂದರೆ ಕರೆಂಟು ಎಂಜಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿಯ ಮೇಲೆ.

ಈಗ ಒಂದು ಚಿಕ್ಕ ಲೆಕ್ಕ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ತಿರುಗುವಾಗ 100ರಿಂದ 200 ಆಂಪಿಯರ್ ಎಳೆಯುತ್ತದೆ. ಜಾಯಿಂಟಿನಲ್ಲಿ ಬರೀ 0.01 ಓಮ್ ಅಡ್ಡಿ ಇದ್ದರೂ ಸಾಕು, 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ಅಲ್ಲೇ ಖರ್ಚಾಗಿಹೋಗುತ್ತದೆ. ಮಾಮೂಲಿ ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಈ 0.01 ಕಾಣಿಸುವುದೇ ಇಲ್ಲ. ‘ಕೇಬಲ್ ಚೆಕ್ ಮಾಡಿದೆ, ಸರಿ ಇದೆ’ ಅಂತ ಯಾರಾದರೂ ಹೇಳಿದ್ದರೆ ಅವರು ಸುಳ್ಳು ಹೇಳಿಲ್ಲ, ಅವರ ಮೀಟರಿಗೆ ಅಷ್ಟೇ ಕಂಡಿದ್ದು.

ಅದಕ್ಕೇ ಕರೆಂಟು ಹರಿಯುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಒತ್ತಿ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ನೆತ್ತಿಯ ಮೇಲೆ. ಕಪ್ಪು ಕಡ್ಡಿಯನ್ನು ಸೆಲ್ಫಿನ ದಪ್ಪ ವೈರು ಕೂತಿರುವ ಬೋಲ್ಟಿಗೆ ಮುಟ್ಟಿಸಿ. ಒಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಪ್ಲಸ್ ದಾರಿಯಲ್ಲಿ ಕಳ್ಳ ಇದ್ದಾನೆ. ಆಮೇಲೆ ಕಪ್ಪು ಕಡ್ಡಿ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬೋಳು ಲೋಹಕ್ಕೆ. ಮತ್ತೆ ಸೆಲ್ಫ್. ಇಲ್ಲಿ 0.2 ವೋಲ್ಟಿಗಿಂತ ಜಾಸ್ತಿ ಇರಬಾರದು. ಅಳೆಯುವಾಗ ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದೇ ಸಮನೆ ಐದು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಸೆಲ್ಫ್ ಬಿಸಿಯಾಗುತ್ತದೆ.

ಕಳ್ಳ ಇದ್ದಾನೆ ಅಂತ ಗೊತ್ತಾದ ಮೇಲೆ ಕಡ್ಡಿಯನ್ನು ಒಂದೊಂದೇ ಜಾಯಿಂಟಿಗೆ ಸರಿಸುತ್ತ ಬನ್ನಿ. ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್ ತುದಿಗೆ. ಎಲ್ಲಿ ಅಂಕಿ ದಿಢೀರನೆ ಇಳಿಯಿತೋ ಅಲ್ಲಿದೆ.

ಅರ್ತ್ ಬಗ್ಗೆ ಒಂದು ಮಾತು, ಇದು ನನ್ನ ಕೈಯಲ್ಲೇ ಆದದ್ದು. ಒಂದು ಕಾರು ಬಂತು. ಓನರು ಎರಡು ದೂರು ತಂದಿದ್ದರು. ಒಂದು, ಬೆಳಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ಇನ್ನೊಂದು, ಆಕ್ಸಿಲರೇಟರ್ ಪೆಡಲ್ ಬಿಗಿಯಾಗಿದೆ. ಎರಡಕ್ಕೂ ಸಂಬಂಧ ಇದೆ ಅಂತ ಅವರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಲಿಲ್ಲ. ಬ್ಯಾಟರಿ ನೋಡಿದೆ, 12.6 ವೋಲ್ಟ್, ಚೆನ್ನಾಗಿದೆ. ಸೆಲ್ಫ್ ಇಳಿಸಿ ಮೇಜಿನ ಮೇಲಿಟ್ಟು ತಿರುಗಿಸಿದೆ, ಬುಗುರಿ ಹಾಗೆ ತಿರುಗಿತು. ಮತ್ತೆ ಏರಿಸಿದೆ. ‘ಟಕ್’. ಅರ್ಧ ದಿನ ಹೋಯಿತು. ಕೊನೆಗೆ ನನ್ನ ಹುಡುಗ ಸೆಲ್ಫ್ ಹೊಡೆಯುತ್ತಿದ್ದಾಗ ಬಾನೆಟ್ ಒಳಗೆ ಆನಿಕೊಂಡಿದ್ದ ನನ್ನ ಮೊಣಕೈಗೆ ಆಕ್ಸಿಲರೇಟರ್ ಕೇಬಲ್ ತಗುಲಿತು. ಬಿಸಿ! ಎಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ, ಕೇಬಲ್ ಬಿಸಿ. ಕೆಳಗೆ ತೂರಿ ನೋಡಿದರೆ ಎಂಜಿನ್‌ನಿಂದ ಕಾರಿನ ಬಾಡಿಯ ಲೋಹಕ್ಕೆ ಬರುವ ಹೆಣೆದ ತಾಮ್ರದ ಅರ್ತ್ ಪಟ್ಟಿ ಗೇರ್‌ಬಾಕ್ಸ್ ಪಕ್ಕ ಸುಮ್ಮನೆ ನೇತಾಡುತ್ತಿತ್ತು. ಯಾವುದೋ ಕಾಲದಲ್ಲಿ ಕ್ಲಚ್ ಕೆಲಸ ಮಾಡಿದವರು ಅದರ ಬೋಲ್ಟ್ ವಾಪಸ್ ಹಾಕಿರಲಿಲ್ಲ. ಕರೆಂಟಿಗೆ ಮನೆಗೆ ಹೋಗಲು ದಾರಿ ಬೇಕಲ್ವಾ, ಸಿಕ್ಕಿದ್ದು ಆಕ್ಸಿಲರೇಟರ್ ಕೇಬಲ್. ಅದರೊಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿತ್ತು, ಪೆಡಲ್ ಬಿಗಿಯಾಗಿದ್ದು ಅದಕ್ಕೆ. ಒಂದು ಬೋಲ್ಟು, ಒಂದು ಹೊಸ ಕೇಬಲ್. ಅಷ್ಟೇ ಕೆಲಸ. ಆ ಅರ್ಧ ದಿನಕ್ಕೆ ಕೂಲಿ ಕೇಳಲು ನನಗೆ ಮನಸ್ಸಾಗಲಿಲ್ಲ.

ನೀವು ಇದನ್ನು ಇನ್ನೂ ಸುಲಭವಾಗಿ ಪರೀಕ್ಷೆ ಮಾಡಬಹುದು. ಒಂದು ಜಂಪರ್ ಕೇಬಲ್ ಕಾರಿನಲ್ಲಿಟ್ಟುಕೊಳ್ಳಿ. ‘ಟಕ್’ ಅಂದ ಬೆಳಗ್ಗೆ, ಬೇರೇನೂ ಮುಟ್ಟದೆ, ಒಂದು ತುದಿಯನ್ನು ಮೊದಲು ಎಂಜಿನ್ನಿನ ದಪ್ಪ ಲೋಹಕ್ಕೆ, ಇನ್ನೊಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ ಕಚ್ಚಿಸಿ. ಈಗ ಸೆಲ್ಫ್ ಹೊಡೆಯಿರಿ. ಗಿರ್ರನೆ ತಿರುಗಿದರೆ ಅರ್ತ್ ಪಟ್ಟಿಯೋ ಮೈನಸ್ ಕೇಬಲ್ಲೋ ಕೈಕೊಟ್ಟಿದೆ. ಬಿಚ್ಚಿ, ಎರಡೂ ಕಡೆ ಮರಳುಕಾಗದದಲ್ಲಿ ತಿಕ್ಕಿ, ಪೇಂಟು ತುಕ್ಕು ಹೋಗಿ ಲೋಹ ಹೊಳೆಯುವವರೆಗೂ ತಿಕ್ಕಿ, ಬಿಗಿಯಾಗಿ ಹಾಕಿ. ವ್ಯಾಸಲೀನ್ ಸವರುವುದಿದ್ದರೆ ಬಿಗಿದ ಮೇಲೆ, ಹೊರಗಡೆ. ಕೇಬಲ್ ತುದಿಯ ರಬ್ಬರ್ ಉಬ್ಬಿಕೊಂಡಿದ್ದರೆ ಒಂಚೂರು ಸೀಳಿ ನೋಡಿ. ಒಳಗೆ ಹಸಿರು ಪುಡಿ ಇದ್ದರೆ ತಿಕ್ಕಿ ಪ್ರಯೋಜನ ಇಲ್ಲ, ಕೇಬಲ್ಲೇ ಹೊಸದಾಗಬೇಕು.

ಬೆಳಗ್ಗೆಯೇ ಯಾಕೆ ಅಂತಲೂ ಕೇಳಿದ್ದೀರಿ. ತಣ್ಣಗಿದ್ದಾಗ ಎಂಜಿನ್ ಆಯಿಲ್ ಮಂದ, ಬ್ಯಾಟರಿಯ ಬಲವೂ ಕಮ್ಮಿ. ಸೆಲ್ಫ್ ಜಾಸ್ತಿ ಕರೆಂಟು ಕೇಳುತ್ತದೆ, ಕೊಡುವ ದಾರಿ ಕಿರಿದಾಗಿದೆ. ನಾಲ್ಕೈದು ಸಲ ಹೊಡೆದಾಗ ಆ ಜಾಯಿಂಟು ಬಿಸಿಯಾಗಿ, ಅಲುಗಿ, ಹೇಗೋ ಕೂಡಿಕೊಳ್ಳುತ್ತದೆ.

ಪ್ರಶ್ನೆ: ಕೀ ತಿರುಗಿಸುವುದು ನಾವು. ಮತ್ತೆ ಅದನ್ನು ‘ಸೆಲ್ಫ್’ ಅನ್ನುವುದು ಯಾಕೆ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ಜಾಣೆ. ಮೊದಲು ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಲ್ಲೇ ಎಂಜಿನ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಹ್ಯಾಂಡಲ್ ಹೊಡೆಯದೆ ತಾನೇ ತಿರುಗುವುದರಿಂದ ‘ಸೆಲ್ಫ್ ಸ್ಟಾರ್ಟರ್’. ನಾವು ಸ್ಟಾರ್ಟರನ್ನು ಬಿಟ್ಟು ಸೆಲ್ಫ್ ಅಷ್ಟೇ ಉಳಿಸಿಕೊಂಡೆವು. ಹ್ಯಾಂಡಲ್ ಹೋದರೂ ‘ಹೊಡೆಯುವುದು’ ಮಾತ್ರ ಹೋಗಲಿಲ್ಲ ನೋಡಿ.

ಪ್ರಶ್ನೆ: ದಿನಾ ಓಡಿಸಿದರೆ ತೊಂದರೆಯೇ ಇಲ್ಲ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಪೂರ್ತಿ ಡೌನ್. ಚಾರ್ಜಿಂಗ್ ಸರಿಯಾಗಿದೆ ಅನ್ನುತ್ತಾರೆ. ಬ್ಯಾಟರಿಯೂ ಆರು ತಿಂಗಳ ಹಿಂದಿನದು.

ಉತ್ತರ: ರಾತ್ರಿ ಹೊತ್ತು ಯಾವುದೋ ಕುಡಿಯುತ್ತಿದೆ. ಎಲ್ಲ ಆಫ್ ಮಾಡಿ ಬೀಗ ಹಾಕಿದ ಮೇಲೂ ಕಾರು ಸ್ವಲ್ಪ ಕರೆಂಟು ತಗೊಳ್ಳುತ್ತದೆ. ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪು, ಇವಕ್ಕೆಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. 50 ಅಂತ ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್. 45ರ ಬ್ಯಾಟರಿ ಎರಡು ವಾರ ನಿಂತರೂ ಸ್ಟಾರ್ಟ್ ಆಗಬೇಕು. ನಾಲ್ಕೇ ದಿನಕ್ಕೆ ಖಾಲಿ ಅಂದರೆ ಹತ್ತಿರ ಹತ್ತಿರ 0.4 ಆಂಪಿಯರ್ ಹೋಗುತ್ತಿದೆ. ಅದು 5 ವಾಟಿನ ಒಂದು ಸಣ್ಣ ಬಲ್ಬು ಎಳೆಯುವಷ್ಟು ಕರೆಂಟು. ನನಗಂತೂ ಮೊದಲು ನೆನಪಾಗುವುದು ಡಿಕ್ಕಿಯ ಬಲ್ಬು.

ಡಿಕ್ಕಿ ಮುಚ್ಚಿದ ಮೇಲೆ ಬಲ್ಬು ಆರಿತೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ನಾನು ಹಿಂದೆ ಒಬ್ಬ ಸಣ್ಣ ಹುಡುಗನನ್ನು ಒಳಗೆ ಮಲಗಿಸಿ ನೋಡಿದ್ದುಂಟು. ಈಗ ಅಂಥ ಹುಚ್ಚಾಟ ಬೇಡ, ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಹಾಕಿ, ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ಡ್ಯಾಶ್‌ಬೋರ್ಡ್ ಡಬ್ಬಿಯ ಬಲ್ಬಿಗೂ ಇದೇ ಉಪಾಯ.

ಅದಲ್ಲದಿದ್ದರೆ ಫ್ಯೂಸ್ ಬಾಕ್ಸ್. ಬಹಳ ಜನ ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರ್ ಹಾಕಿ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗುತ್ತಾರೆ. ತಪ್ಪೇನಿಲ್ಲ, ಆದರೆ ಎರಡು ಎಡವಟ್ಟು. ಮೀಟರ್ ಹಾಕಿರುವಾಗ ಯಾರಾದರೂ ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಢಂ. ಇನ್ನೊಂದು, ಈಗಿನ ಕಾರುಗಳಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ್ದ ಕಂಪ್ಯೂಟರುಗಳು ಎದ್ದು ಕೂರುತ್ತವೆ, ಅಂಕಿ ಏರುತ್ತದೆ, ನೀವು ಅಮಾಯಕ ಫ್ಯೂಸನ್ನು ಹಿಡಿಯುತ್ತೀರಿ. ನಾನು ಮಾಡುವುದು ಹೀಗೆ. ಬಾಗಿಲು ತೆರೆದು, ಅದರ ಲಾಕನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀಯನ್ನು ದೂರ ಇಟ್ಟು, ಮುಕ್ಕಾಲು ಗಂಟೆ ಸುಮ್ಮನೆ ಬಿಡುತ್ತೇನೆ. ಕಾರು ನಿದ್ದೆ ಹೋಗಬೇಕು. ಆಮೇಲೆ ಫ್ಯೂಸ್ ಕೀಳದೆ, ಅದರ ನೆತ್ತಿಯ ಮೇಲಿರುವ ಎರಡು ಚಿಕ್ಕ ಲೋಹದ ಚುಕ್ಕಿಗಳಿಗೆ ಮೀಟರ್ ಕಡ್ಡಿ ಮುಟ್ಟಿಸಿ ಮಿಲಿವೋಲ್ಟ್ ನೋಡುತ್ತೇನೆ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಕರೆಂಟು ಹೋಗುತ್ತಿಲ್ಲ. ಒಂದಿಷ್ಟು ಮಿಲಿವೋಲ್ಟ್ ತೋರಿಸಿದರೆ ಅದೇ ದಾರಿ. ಫ್ಯೂಸಿಗೆ ಸಣ್ಣ ಅಡ್ಡಿ ಇರುತ್ತದಲ್ವಾ, ಅದೇ ನಮಗೆ ಸಾಕ್ಷಿ. ಹೊರಗಿಂದ ಹಾಕಿಸಿದ ಸ್ಟೀರಿಯೊ, ಕ್ಯಾಮೆರಾ, ಅಲಾರಂ ಇದ್ದರೆ ಅವನ್ನು ಮೊದಲು ಅನುಮಾನಿಸಿ. ಕೈಗೆ ಬೆಚ್ಚಗೆ ತಗಲುವ ರಿಲೇ ಇದ್ದರೆ ಅದನ್ನೂ.

ಯಾವ ಫ್ಯೂಸಿನಲ್ಲೂ ಸಿಗಲಿಲ್ಲವೇ? ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್; ರಾತ್ರಿಯಿಡೀ ನಿಂತ ಕಾರಿನಲ್ಲಿ ಅದರ ಮೇಲೆ ಬೆಳಗ್ಗೆ ಕೈ ಇಟ್ಟು ನೋಡಿ. ಸುತ್ತಲಿನ ಲೋಹ ಎಲ್ಲ ತಣ್ಣಗಿದ್ದು ಅದೊಂದೇ ಉಗುರುಬೆಚ್ಚಗಿದ್ದರೆ ಒಳಗಿನ ಡಯೋಡ್, ಅಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಪಾರ್ಟು, ಹೋಗಿದೆ. ಹಗಲು ಚಾರ್ಜ್ ಮಾಡುತ್ತದೆ, ರಾತ್ರಿ ವಾಪಸ್ ಕುಡಿಯುತ್ತದೆ. ಅದಕ್ಕೇ ‘ಚಾರ್ಜಿಂಗ್ ಸರಿಯಾಗಿದೆ’ ಅಂತ ಎಲ್ಲರೂ ಹೇಳುವುದು.

ಬೇಗ ಹಿಡಿಯಿರಿ. ಸೀಸದ ಬ್ಯಾಟರಿಯನ್ನು ಪದೇಪದೇ ಪೂರ್ತಿ ಖಾಲಿ ಮಾಡಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟಕ್ಕಷ್ಟೇ.

ಪ್ರಶ್ನೆ: ಚಾರ್ಜಿಂಗ್ ಇದೆಯಾ ಅಂತ ನೋಡಲು ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು, ಎಂಜಿನ್ ನಿಂತರೆ ಆಲ್ಟರ್ನೇಟರ್ ಹೋಗಿದೆ ಅಂತ ನಮ್ಮ ಮಾವ ಹೇಳುತ್ತಾರೆ. ಸರಿಯೇ?

ಉತ್ತರ: ನಿಮ್ಮ ಮಾವ ಆಲ್ಟರ್ನೇಟರಿಗೂ ಮುಂಚಿನ ಡೈನಮೋ ಕಾಲದವರು ಇರಬೇಕು. ನಾನೂ ಹಾಗೇ ಕಲಿತವನು. ಒಮ್ಮೆ ಗಿರಾಕಿಯ ಕಾರಿಗೆ ಹಾಗೆ ಮಾಡಿ ಎಂಜಿನ್ ಕಂಪ್ಯೂಟರ್ ಸುಟ್ಟು, ನನ್ನ ಕೈಯಿಂದ ಹೊಸದು ಕೊಡಿಸಿದ್ದೇನೆ. ಬ್ಯಾಟರಿ ದಿಢೀರನೆ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜು ಒಂದು ಕ್ಷಣ ಹತ್ತಾರು ವೋಲ್ಟ್ ಜಿಗಿಯುತ್ತದೆ. ಅದನ್ನು ನುಂಗಿಕೊಳ್ಳಲು ಬ್ಯಾಟರಿಯೇ ಇಲ್ಲ. ಟರ್ಮಿನಲ್ ಮುಟ್ಟಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಡಿ, ಮಾಮೂಲಿ ಕಾರಿನಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಆಯಿತು. ಮಾವನಿಗೆ ನನ್ನ ನಮಸ್ಕಾರ ಹೇಳಿ, ಇದನ್ನು ನಾನು ಹೇಳಿದೆ ಅಂತ ಹೇಳಬೇಡಿ.

ಪ್ರಶ್ನೆ: ಒಂದು ಗಂಟೆ ಓಡಿಸಿ ಪೆಟ್ರೋಲ್ ಹಾಕಿಸಲು ನಿಲ್ಲಿಸುತ್ತೇನೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಗರಗರ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸರಿ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಸರಿ ಇರುತ್ತದೆ. ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರ್ ನೋಡಿದರೂ ತೊಂದರೆಯ ಕೋಡ್ ಏನೂ ಬರಲಿಲ್ಲ. ನಾಚಿಕೆಯಾಗುತ್ತದೆ ಸರ್.

ಉತ್ತರ: ನಾಚಿಕೆ ಯಾಕೆ, ಇದು ಬಿಸಿಗೆ ಕೈಕೊಡುವ ಪಾರ್ಟು. ಸೆಲ್ಫ್ ಜೋರಾಗಿ ತಿರುಗುತ್ತಿದೆಯಲ್ಲ, ಬ್ಯಾಟರಿ, ಕೇಬಲ್, ಮೋಟಾರು ಬಿಟ್ಟುಬಿಡಿ.

ಹಾಗೆ ಕೈಕೊಟ್ಟಾಗ ಎರಡು ಕೆಲಸ ಮಾಡಿ. ಮೊದಲನೆಯದು, ಕೀಯನ್ನು ಆನ್ ಮಾಡಿ ಸೆಲ್ಫ್ ಹೊಡೆಯದೆ ಕಿವಿಗೊಡಿ. ಹಿಂದಿನ ಸೀಟಿನ ಕೆಳಗಿನಿಂದ ‘ಗುಂಯ್’ ಅಂತ ಎರಡು ಸೆಕೆಂಡ್ ಫ್ಯೂಯಲ್ ಪಂಪಿನ ಸದ್ದು ಬರಬೇಕು. ಚೆನ್ನಾಗಿರುವ ದಿನ ಒಮ್ಮೆ ಕೇಳಿ ಅಭ್ಯಾಸ ಮಾಡಿಕೊಂಡಿರಿ, ಆಗಲೇ ವ್ಯತ್ಯಾಸ ಗೊತ್ತಾಗುವುದು. ಎರಡನೆಯದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಬಹಳ ಕಾರುಗಳಲ್ಲಿ ಅದು ಒಂದಿಷ್ಟು ಎದ್ದು ಅಲುಗಾಡುತ್ತದೆ. ಸತ್ತ ಹಾಗೆ ಸೊನ್ನೆಯಲ್ಲೇ ಮಲಗಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಎಂಜಿನ್ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಹೇಳುವುದೇ ಅದು. ಅದು ಬಾಯಿ ಮುಚ್ಚಿದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಹಳೆಯ ಬಗೆಯ ಸೆನ್ಸರಿನಲ್ಲಿ ಕೂದಲೆಳೆಯ ಹಾಗಿನ ತಂತಿ ಸುತ್ತಿರುತ್ತಾರೆ. ಅದರಲ್ಲೊಂದು ಬಿರುಕಿದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಸೆನ್ಸರ್ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಿ. ಕೈಕೊಟ್ಟಾಗ ಒದ್ದೆ ಬಟ್ಟೆಯಲ್ಲಿ ಅದನ್ನು ಐದು ನಿಮಿಷ ತಣ್ಣಗೆ ಮಾಡಿ, ಬಿಸಿ ಪೈಪು ಮತ್ತು ಫ್ಯಾನಿನಿಂದ ಕೈ ದೂರ ಇರಲಿ. ತಕ್ಷಣ ಸ್ಟಾರ್ಟ್ ಆದರೆ ಸಿಕ್ಕಿಬಿದ್ದ ಅಂತಲೇ.

ಪಂಪಿನ ಸದ್ದೇ ಬರದಿದ್ದರೆ ಅದರ ರಿಲೇ ನೋಡಿ. ಪಕ್ಕದಲ್ಲೇ ಹಾರ್ನಿಗೋ ಮತ್ತೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ. ನಂಬರ್ ಒಂದೇ ಇರಬೇಕು, ಆಕಾರ ಒಂದೇ ಇದ್ದರೆ ಸಾಲದು. ತೆಗೆದ ರಿಲೇಯ ಕವಚ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಚುಕ್ಕಿಯ ಸುತ್ತ ಉಗುರಿನಿಂದ ಗೀರಿದಂಥ ಒಂದು ಉಂಗುರ ಕಾಣಬಹುದು. ಆ ಗೆರೆಯೇ ಬಿರುಕು. ಕಾಯ್ದಾಗ ಬಾಯಿ ಬಿಡುತ್ತದೆ. ನಾನು ಎಷ್ಟೋ ರಿಲೇಗಳಿಗೆ ಮರುಬೆಸುಗೆ ಹಾಕಿದ್ದೇನೆ. ಈಗ ಕಣ್ಣು ಮಂಜಾಗಿದೆ, ಹೊಸದು ಹಾಕಿ ಅನ್ನುತ್ತೇನೆ.

ಸ್ಕ್ಯಾನರ್ ಹಾಕಿದಾಗ ಕೋಡ್ ಏನೂ ಬರಲಿಲ್ಲ ಅಂತ ಬರೆದಿದ್ದೀರಿ. ಕೋಡ್ ಬರಲಿಲ್ಲ ಅಂದರೆ ಕಂಪ್ಯೂಟರಿಗೆ ಗೊತ್ತಾಗಲಿಲ್ಲ ಅಂತ ಅರ್ಥ, ತೊಂದರೆ ಇಲ್ಲ ಅಂತಲ್ಲ. ಕೈಕೊಟ್ಟ ಹೊತ್ತಿನಲ್ಲೇ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಎಷ್ಟು ತೋರಿಸುತ್ತದೆ ನೋಡಿದರೆ ಉಪಯೋಗ.

ಪ್ರಶ್ನೆ: ರಿಲೇ ಸಾಕೆಟ್ಟಿನಲ್ಲಿ ಮೀಟರ್ ಇಟ್ಟರೆ 12.5 ವೋಲ್ಟ್ ಬರುತ್ತದೆ. ರಿಲೇ ಹಾಕಿದರೆ ಏನೂ ಕೆಲಸ ಮಾಡುವುದಿಲ್ಲ. ರಿಲೇ ಮೂರು ಸಲ ಬದಲಿಸಿದೆ.

ಉತ್ತರ: ಬಾವಿಯ ಹಗ್ಗ ಗಟ್ಟಿ ಇದೆಯಾ ಅಂತ ಖಾಲಿ ಬಿಂದಿಗೆ ಇಳಿಸಿ ನೋಡಿದ ಹಾಗಾಯಿತು. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ವೈರಿನೊಳಗೆ ಇಪ್ಪತ್ತು ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು 12.5 ಅನ್ನುತ್ತದೆ. ತುಂಬಿದ ಬಿಂದಿಗೆ ಬೇಕು. ಅಂದರೆ ಒಂದು ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್. ಸಾಕೆಟ್ಟಿನ ಆ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ಹಿಡಿಯಿರಿ. ಬಲ್ಬು ಮಂಕಾಗಿ ಉರಿದರೆ ಅಥವಾ ಉರಿಯದೇ ಹೋದರೆ ವೈರು, ಫ್ಯೂಸಿನ ಕಾಲು, ಕನೆಕ್ಟರ್ ಹುಡುಕಿ. ಇಲಿ ಕಚ್ಚಿದ ಗುರುತೂ ನೋಡಿ. ನನ್ನ ಟೆಸ್ಟ್ ಲ್ಯಾಂಪಿಗೆ ಇಪ್ಪತ್ತೆರಡು ವರ್ಷ, ಈ ಮಧ್ಯೆ ಐದು ಮೀಟರ್ ಬಂದು ಹೋದವು. ಒಂದೇ ಎಚ್ಚರಿಕೆ, ಏರ್‌ಬ್ಯಾಗಿನ ವೈರಿಗೂ ಕಂಪ್ಯೂಟರಿನ ಸಿಗ್ನಲ್ ವೈರಿಗೂ ಇದನ್ನು ಮುಟ್ಟಿಸಲೇಬಾರದು.

ಪ್ರಶ್ನೆ: ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಲ್ಲುತ್ತದೆ. ಮೀಟರ್ ಬೋರ್ಡಿನಲ್ಲಿ ಕೀ ಚಿತ್ರ ಮಿನುಗುತ್ತದೆ.

ಉತ್ತರ: ಕಾರಿಗೆ ನಿಮ್ಮ ಕೀ ಗುರುತು ಸಿಗುತ್ತಿಲ್ಲ. ಕೀಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ. ಕೀ ತೂತಿನ ಸುತ್ತ ಇರುವ ಸುರುಳಿ ಅದನ್ನು ಓದುತ್ತದೆ. ಮನೆಯಲ್ಲಿರುವ ಎರಡನೇ ಕೀ ಹಾಕಿ ನೋಡಿ. ಅದೇ ಗೊಂಚಲಿನಲ್ಲಿ ಬೇರೆ ಕಾರಿನ ಕೀ ಇದ್ದರೆ ತೆಗೆಯಿರಿ, ಒಂದರ ಮಾತು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡನೇ ಕೀಗೂ ಹೀಗೇ ಆದರೆ ಆ ಸುರುಳಿ ಅಥವಾ ಅದರ ಕನೆಕ್ಟರ್ ನೋಡಿಸಿ. ಬಟನ್ ಸ್ಟಾರ್ಟ್ ಇರುವವರು ರಿಮೋಟಿನ ಸೆಲ್ ಬದಲಿಸಿ. ಅರ್ಜೆಂಟಿದ್ದರೆ ರಿಮೋಟನ್ನು ಬಟನ್ನಿಗೇ ತಾಗಿಸಿ ಒತ್ತಿ, ಬಹಳ ಕಾರುಗಳು ಒಪ್ಪಿಕೊಳ್ಳುತ್ತವೆ.

ಪ್ರಶ್ನೆ: ಸೆಲ್ಫಿಗೆ ಸ್ಪ್ಯಾನರಿನಲ್ಲಿ ಒಂದು ಏಟು ಕೊಟ್ಟರೆ ತಿರುಗುತ್ತದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ನಾನು ಮೂರು ತಿಂಗಳಿಂದ ಕೊಡುತ್ತಲೇ ಇದ್ದೇನೆ. ಈಗ ಏಟಿಗೂ ಬಗ್ಗುತ್ತಿಲ್ಲ.

ಉತ್ತರ: ಸ್ವಾಮಿ, ನಾನು ಬರೆದಿದ್ದು ದಾರಿಯಲ್ಲಿ ನಿಂತಾಗ ಮನೆ ಸೇರಲು! ಏಟಿಗೆ ತಿರುಗಿತು ಅಂದರೆ ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿದೆ, ಮೋಟಾರಿನ ತಿರುಗುವ ಭಾಗವಾದ ಆರ್ಮೇಚರನ್ನು ಸರಿಯಾಗಿ ಒತ್ತುತ್ತಿಲ್ಲ ಅಂತ ಅರ್ಥ. ಮಾರನೇ ದಿನವೇ ಬಿಚ್ಚಿಸಿ ಕಾರ್ಬನ್ ಹಾಕಿಸಿದ್ದರೆ ಮುಗಿಯುತ್ತಿತ್ತು. ಈಗ ಕಾರ್ಬನ್ ಜೊತೆ ಆರ್ಮೇಚರಿನ ತಾಮ್ರವನ್ನೂ ನೋಡಿಸಿ. ಕೆಲವು ಸೆಲ್ಫ್‌ಗಳಲ್ಲಿ ಒಳಗಿನ ಮ್ಯಾಗ್ನೆಟ್ ಅಂಟಿಸಿರುತ್ತಾರೆ, ನಿಮ್ಮ ಮೂರು ತಿಂಗಳ ಏಟಿಗೆ ಅದು ಒಡೆದಿದ್ದರೂ ಆಶ್ಚರ್ಯ ಇಲ್ಲ.

ಪ್ರಶ್ನೆ: ನನ್ನ ಕಾರು ಸ್ಟಾರ್ಟ್ ಆಗುತ್ತಿಲ್ಲ. ಏನು ಮಾಡಲಿ? ದಯವಿಟ್ಟು ಬೇಗ ಉತ್ತರಿಸಿ.

ಉತ್ತರ: ಪತ್ರ ಇಷ್ಟೇ ಇದೆ. ಸೆಲ್ಫ್ ತಿರುಗುತ್ತದೆಯಾ? ಸದ್ದು ಒಂದು ಟಕ್ಕೋ, ಟಕಟಕವೋ, ಏನೂ ಇಲ್ಲವೋ? ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದರೆ ಲೈಟು ಪೂರ್ತಿ ಆರುತ್ತದೋ, ಮಂಕಾಗುತ್ತದೋ, ಹಾಗೇ ಉರಿಯುತ್ತದೋ? ಬೆಳಗ್ಗೆ ಹೀಗೋ, ಓಡಿಸಿದ ಮೇಲೋ, ಮಳೆ ಬಂದ ಮಾರನೇ ದಿನವೋ? ಆಟೋಮ್ಯಾಟಿಕ್ ಆದರೆ ‘ಪಿ’ ಬದಲು ‘ಎನ್’ನಲ್ಲಿ ಹೊಡೆದು ನೋಡಿದಿರಾ? ಇತ್ತೀಚೆಗೆ ಏನು ರಿಪೇರಿ ಮಾಡಿಸಿದಿರಿ, ಸ್ಟಾರ್ಟಿಂಗಿಗೆ ಸಂಬಂಧ ಇಲ್ಲದ್ದೂ ಸೇರಿಸಿ? ಒಂದು ಸಣ್ಣ ಪುಸ್ತಕವನ್ನು ಕಾರಿನಲ್ಲಿಟ್ಟು, ಕೈಕೊಟ್ಟ ಪ್ರತಿ ಸಲವೂ ಇಷ್ಟನ್ನು ಗೀಚಿಕೊಳ್ಳಿ. ಮೂರು ಸಲದ್ದು ಸೇರಿದ ಮೇಲೆ ಕಳಿಸಿ. ಆ ಪುಟದ ಫೋಟೊ ಸಾಕು, ಅಂದವಾಗಿ ಬರೆಯಬೇಕಂತಿಲ್ಲ.